ಪದಚರ್ಚೆ: ಆಂಟಿಹೀರೋಗೆ ‘ಪ್ರತಿನಾಯಕ’ ನಡೆದೀತೆ? (ತುರ್ತು)

ಮಾಟುಂಗದಿಂದ:
ಎಲ್ಲರಿಗೂ ನಮಸ್ಕಾರ. ಶನಿವಾರದ ಉಪನ್ಯಾಸಕ್ಕೆ ಬ್ಯಾನರ್ ಆಗಬೇಕು, ಫ್ಲೆಕ್ಸ್‌ನವನು ಸಂಜೆಯೊಳಗೆ ಫೈಲ್ ಕೊಡಿ ಅಂತ ಕೂತಿದ್ದಾನೆ. ವಿಷಯ ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್‌ನ ‘ಪ್ರೂಫ್ರಾಕ್’ ಕವಿತೆ (1915). ಕೂದಲು ಉದುರಿತು, ಕೈಕಾಲು ಸಣ್ಣಗಾಯಿತು, ಜನ ಏನಂದಾರೋ ಎಂದು ಕವಿತೆಯುದ್ದಕ್ಕೂ ಅಳುಕುವ ಆ ನಿರೂಪಕ ಪ್ರೂಫ್ರಾಕ್‌ನನ್ನು ಆಂಟಿಹೀರೋ, ಅಂದರೆ ವೀರಗುಣವಿಲ್ಲದ ಕಥಾನಾಯಕ, ಅನ್ನಬಹುದೆ? ಅನ್ನಬಹುದಾದರೆ ಕನ್ನಡದಲ್ಲಿ ಏನು? ಕರಡಿನಲ್ಲಿ ‘ಪ್ರತಿನಾಯಕ’ ಇದೆ.

ಪುಣೆಯಿಂದ:
ಖಂಡಿತ ಬೇಡ. ಧನಂಜಯನ ಸಂಸ್ಕೃತ ನಾಟ್ಯಶಾಸ್ತ್ರಗ್ರಂಥ ದಶರೂಪಕದಲ್ಲಿ ಪ್ರತಿನಾಯಕ ಅಂದರೆ ನಾಯಕನ ಹಗೆ: ಲೋಭಿ, ಧೀರೋದ್ಧತ (ಧೀರನಾದರೂ ದರ್ಪದವ), ಪಾಪಿ. ರಾಮನಿಗೆ ರಾವಣ ಇದ್ದ ಹಾಗೆ. ರನ್ನನ ದುರ್ಯೋಧನ ಓದುಗರ ಮನಸ್ಸು ಎಷ್ಟೇ ಗೆದ್ದರೂ ಭೀಮನ ಹಗೆಯೇ. ಒಂದು ಪೀಚ್ ಹಣ್ಣು ತಿನ್ನಲೋ ಬೇಡವೋ ಎನ್ನುವವನು ಯಾರಿಗೆ ಹಗೆ?

‘ನಾಯಕ’ ಬಂದದ್ದು ‘ನೀ’ ಧಾತುವಿನಿಂದ, ಒಯ್ಯುವವನು ಎಂದರ್ಥ. ಈ ಕವಿತೆಯನ್ನು ಕೊನೆತನಕ ಒಯ್ಯುವವನು ಅವನೇ, ಹಾಗಾಗಿ ನಾಯಕನೇ. ಅವನಲ್ಲಿ ಇಲ್ಲದ್ದು ಧೈರ್ಯ. ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತ, ಶಾಸ್ತ್ರ ಹೇಳುವ ಈ ನಾಲ್ಕು ಬಗೆಯ ನಾಯಕರಿಗೂ ‘ಧೀರ’ ಅಂಟಿಕೊಂಡೇ ಇದೆ. ಅದೊಂದನ್ನು ಅಲ್ಲಗಳೆದು ‘ಅಧೀರ ನಾಯಕ’ ಅನ್ನಿ.

ಮಡಗಾಂವಿಂದ:
ಪದ ಸೊಗಸಾಗಿದೆ, ಮೊದಲ ಪ್ರಶ್ನೆ ಹಾಗೇ ಉಳಿಯಿತು. ತನ್ನನ್ನು ತಾನೇ ನೋಡಿಕೊಂಡು ನಾಚುವವರೆಲ್ಲ ಆಂಟಿಹೀರೋ ಆದರೆ ನಮ್ಮ ಭಾವಗೀತೆಗಳ ‘ನಾನು’ಗಳೆಲ್ಲ ಬಂದು ಸಾಲು ನಿಲ್ಲುತ್ತವೆ. ವೀರನಿಗೆ ಮೀಸಲಾದ ಜಾಗದಲ್ಲಿ ಕೂತಿರಬೇಕು, ಆ ಜಾಗ ತನ್ನದಲ್ಲ ಅನ್ನುವುದೂ ಗೊತ್ತಿರಬೇಕು. ಪ್ರೂಫ್ರಾಕ್ ತಾನು ಹ್ಯಾಮ್ಲೆಟ್ ಅಲ್ಲ ಎಂದು ಬಾಯಿಬಿಟ್ಟು ಹೇಳುತ್ತಾನೆ, ಆದ್ದರಿಂದ ಸಲ್ಲುತ್ತಾನೆ. ದೊಸ್ತೊಯೆವ್‌ಸ್ಕಿಯ ‘ನೆಲಮಾಳಿಗೆಯ ಟಿಪ್ಪಣಿಗಳು’ ಕಾದಂಬರಿಯ ನಿರೂಪಕನಂತೂ 1864ರಲ್ಲೇ ಕಾದಂಬರಿಗೆ ಹೀರೋ ಬೇಕು, ಇಲ್ಲಿರುವುದು ಆಂಟಿಹೀರೋನ ಲಕ್ಷಣ ಎಂದುಬಿಟ್ಟಿದ್ದಾನೆ. ಆದರೆ ಅವನು ವಿಷ ಕಾರುವ ಆಸಾಮಿ. ಅವನಿಗೆ ‘ಅಧೀರ’ ಸಾಲದು.

ಡೊಂಬಿವಲಿಯಿಂದ:
ಮತ್ತೆ ಸಂಸ್ಕೃತ. ಕನ್ನಡದಲ್ಲಿ ವೀರ ಎನ್ನಲು ‘ಕಲಿ’ ಸತ್ತುಹೋಯಿತೆ? ‘ಕಲಿಯಲ್ಲದವ’. ಮುಗಿಯಿತು.

ಪುಣೆಯಿಂದ:
ಶಾಲೆ ಕಲಿಯದವ ಎಂದು ಓದುತ್ತಾರೆ.

ಡೊಂಬಿವಲಿಯಿಂದ:
ಪಂಪನಿಗೆ ಸಾಕಾದದ್ದು ನಿಮಗೆ ಸಾಲದು! ‘ಫ್ಲೆಕ್ಸ್’ಗೂ ಒಂದು ಧಾತು ಹುಡುಕಿ ಕೊಡಿ, ನೋಡೋಣ. ಕಡ ತರುವುದೇ ಆದರೆ ಸಂಸ್ಕೃತದ ಕಡ ಮಡಿ, ಇಂಗ್ಲಿಷಿನದು ಮೈಲಿಗೆ ಅಂತ ಯಾರು ಬರೆದಿಟ್ಟರು?

ಮಡಗಾಂವಿಂದ:
ಯಾರೂ ಬರೆದಿಟ್ಟಿಲ್ಲ, ಅದಕ್ಕೇ ಹೇಳುತ್ತೇನೆ: ಮಾಟುಂಗದವರೇ, ‘ಆಂಟಿಹೀರೋ’ ಎಂದೇ ಹಾಕಿಸಿ. ‘ಅಧೀರ ನಾಯಕ’ ಭಾಷಣದಲ್ಲಿ ಬರಲಿ, ಅಲ್ಲಿ ವಿವರಿಸಲು ಬಾಯಿ ಇರುತ್ತದೆ.

ಪುಣೆಯಿಂದ:
ಒಪ್ಪುವುದಿಲ್ಲ. ‘ಕಲಿ’ಗೆ ಬೇರೆ ಎಳೆ ತೆರೆಯಿರಿ, ಅಲ್ಲಿ ಉತ್ತರ ಕೊಡುತ್ತೇನೆ.