ನಾಳಿದ್ದು ಪ್ಲಾಸ್ಟರಿಂಗ್: ಸ್ಪೀಕರ್‌ಗೆ ಪೈಪ್ ಹಾಕಿಸಲೋ, ವೈರ್‌ಲೆಸ್ ನಂಬಲೋ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಿಸುತ್ತಿದ್ದೇನೆ. ಮಹಡಿಯಲ್ಲಿ ಒಂದು ಕೋಣೆ ಸಿನಿಮಾ, ಹಾಡು, ಕ್ರಿಕೆಟ್‌ಗೆ ಅಂತಲೇ ಇದೆ. 13 ಅಡಿ ಉದ್ದ, 11 ಅಡಿ ಅಗಲ. ಜಂಬಿಟ್ಟಿಗೆ ಗೋಡೆ. ಮೇಲೆ ಸ್ಲ್ಯಾಬ್ ಇಲ್ಲ, ಕಬ್ಬಿಣದ ಟ್ರಸ್ ಮೇಲೆ ಹಂಚು. 65 ಇಂಚಿನ ಟಿವಿ ತೆಗೆದುಕೊಂಡಾಗಿದೆ, 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗಲೇ. ಸೌಂಡಿಗೆ 2 ಲಕ್ಷ ಎತ್ತಿಟ್ಟಿದ್ದೇನೆ.

ನಾಳಿದ್ದು ಪ್ಲಾಸ್ಟರಿಂಗ್. ಎಲೆಕ್ಟ್ರಿಷಿಯನ್ ಇವತ್ತು ಕೇಳಿದರು: "ಸ್ಪೀಕರಿಗೆ ಪೈಪ್ ಎಲ್ಲೆಲ್ಲಿ ಬೇಕು ಈಗಲೇ ಹೇಳಿಬಿಡಿ, ಆಮೇಲೆ ಗೋಡೆ ಒಡೆಸಬೇಡಿ." ನನಗೆ ಮಾತೇ ಹೊರಡಲಿಲ್ಲ. ಎವಿಆರ್ (ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ಆಂಪ್ಲಿಫೈಯರ್ ಡಬ್ಬಿ) ಹಾಕಿ ವೈರ್ ಎಳೆಯಲಾ, ಅಥವಾ ಹೊಸ ವೈರ್‌ಲೆಸ್ ಸೆಟ್ ಸಾಕಾ? ಛಾವಣಿಯಲ್ಲಿ ಆಟ್ಮಾಸ್ ಸ್ಪೀಕರ್, ಅಂದರೆ ತಲೆ ಮೇಲಿನಿಂದಲೂ ಸದ್ದು ಬರಿಸುವಂಥದು, ಆಗುತ್ತದಾ?

ವೈರ್‌ಲೆಸ್ ವೀರ:
ಪೈಪ್ ಬೇಡ ಸರ್. ಆ ಕಾಲ ಮುಗಿಯಿತು. ಆಟ್ಮಾಸ್ ಮಾಡಿದ ಡಾಲ್ಬಿಯವರು 2023ರಲ್ಲೇ ಫ್ಲೆಕ್ಸ್‌ಕನೆಕ್ಟ್ ಅಂತ ತೋರಿಸಿದರು. ಮೊದಲು ಕೈಜೋಡಿಸಿದ್ದು ಟಿಸಿಎಲ್. ಟಿವಿಯ ಸ್ವಂತ ಸ್ಪೀಕರ್ ಜೊತೆಗೆ ವೈರ್‌ಲೆಸ್ ಸ್ಪೀಕರ್‌ಗಳು ಸೇರಿಕೊಂಡು ಆಟ್ಮಾಸ್ ನುಡಿಸುತ್ತವೆ. ಒಂದನ್ನು ಕಿಟಕಿ ಕಟ್ಟೆ ಮೇಲಿಡಿ, ಇನ್ನೊಂದನ್ನು ಕಪಾಟಿನ ಮೇಲಿಡಿ, ಎಲ್ಲಿದೆ ಅಂತ ಟಿವಿಯೇ ಕಂಡುಕೊಳ್ಳುತ್ತದೆ. ನಿಮ್ಮ ಟಿವಿಗೆ ಅದು ಇಲ್ಲದಿದ್ದರೆ ಸೌಂಡ್‌ಬಾರ್, ಹಿಂದೆ ಎರಡು ವೈರ್‌ಲೆಸ್, ಬಾಸ್‌ಗೆ ಒಂದು ಸಬ್ (ಸಬ್‌ವೂಫರ್). ನಾನಿರುವುದು ಬೆಂಗಳೂರಿನ ಬಾಡಿಗೆ ಫ್ಲ್ಯಾಟ್. ಒಂದು ಮೊಳೆ ಹೊಡೆದರೂ ಓನರ್ ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆ. ಎಲ್ಲ ಜೋಡಿಸಲು ಹತ್ತು ನಿಮಿಷ ಆಯಿತು.

ಹಳೇ ಆಂಪ್ಲಿಫೈಯರ್:
ವೀರ ಅವರೇ, ನಿಮ್ಮದು ಬಾಡಿಗೆ ಮನೆ, ಅವರದು ಸ್ವಂತ ಮನೆ. ಇಬ್ಬರಿಗೂ ಒಂದೇ ಔಷಧಿ ಕೊಟ್ಟರೆ ಹೇಗೆ?

ನನ್ನ ಮನೆಯಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿ ಭಾಗ ಕೊಂಡು ಕಟ್ಟಿದ ಸ್ಪೀಕರ್ ಜೋಡಿ ಇದೆ. ಮೂವತ್ತು ವರ್ಷ ಆಯಿತು. ಟೇಪ್ ಡೆಕ್ ಹೋಯಿತು, ಸಿಡಿ ಪ್ಲೇಯರ್ ಹೋಯಿತು, ಎರಡು ಆಂಪ್ ಬದಲಾದವು. ಸ್ಪೀಕರ್ ಮಾತ್ರ ಅವೇ. ಒಂದು ಸಲ ಕೋನ್ ಸುತ್ತಲಿನ ಫೋಮ್ ಪುಡಿಪುಡಿ ಆಗಿತ್ತು, ಹೊಸದು ಅಂಟಿಸಿದೆ, ಅಷ್ಟೇ ಖರ್ಚು.

ಇನ್ನೊಂದು ಕಡೆ, ಮಗಳು ಐದು ವರ್ಷದ ಹಿಂದೆ ಸೌಂಡ್‌ಬಾರ್ ತಂದಳು. ಯಾವ ಕಂಪನಿ ಅಂತ ಹೇಳುವುದಿಲ್ಲ. ಒಂದು ದಿನ ಸಬ್‌ವೂಫರ್ ಬಾರ್ ಜೊತೆ ಮಾತು ಬಿಟ್ಟಿತು. ಕೆಂಪು ಲೈಟ್ ಮಿಣುಕುವುದೊಂದೇ. ಸರ್ವಿಸ್‌ನವರು ಬಂದು ನೋಡಿ "ಈ ಮಾಡೆಲ್ ನಿಂತಿದೆ, ಬೋರ್ಡ್ ಸಿಗಲ್ಲ" ಅಂದರು. ಸಬ್ ಈಗ ತುಳಸಿ ಕುಂಡ ಇಡುವ ಸ್ಟೂಲ್ ಆಗಿದೆ. ವೂಫರ್ ಚೆನ್ನಾಗಿಯೇ ಇದೆ, ಅದೇ ಹೊಟ್ಟೆ ಉರಿ.

ವೈರ್‌ಲೆಸ್ ವೀರ:
ಎವಿಆರ್ ಕೆಡುವುದಿಲ್ಲವಾ ಸರ್? 2020ರಲ್ಲಿ ಡೆನಾನ್, ಮರಾಂಟ್ಜ್, ಯಮಾಹಾದ ಹೊಸ ಎವಿಆರ್‌ಗಳ ಎಚ್‌ಡಿಎಂಐ 2.1 ಚಿಪ್‌ನಲ್ಲೇ ದೋಷ ಇತ್ತು. ಹೊಸ ಎಕ್ಸ್‌ಬಾಕ್ಸ್ ಸಿಕ್ಕಿಸಿ 4ಕೆ 120 ಹರ್ಟ್ಜ್ ಹಾಕಿದರೆ ಪರದೆ ಕಪ್ಪು.

ಹಳೇ ಆಂಪ್ಲಿಫೈಯರ್:
ಕೆಡುತ್ತದೆ, ಇಲ್ಲ ಅನ್ನಲಿಲ್ಲ. ಕೆಟ್ಟರೆ ಎವಿಆರ್ ಒಂದನ್ನು ಬದಲಾಯಿಸುತ್ತೇನೆ. ಸ್ಪೀಕರ್, ಸಬ್, ವೈರ್ ಎಲ್ಲ ಹಾಗೇ ಇರುತ್ತವೆ. ನಿಮ್ಮದರಲ್ಲಿ ಒಂದು ಸತ್ತರೆ ಇಡೀ ಮನೆತನವೇ ಸಾಯುತ್ತದೆ.

ಜರ್ಸಿ ಕನ್ನಡಿಗ:
ಇನ್‌ವಾಲ್ ಸ್ಪೀಕರ್ ಹಾಕಿಸಿಬಿಡಿ. ಗೋಡೆಯೊಳಗೆ ಕೂರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ನಾನು ಇಲ್ಲಿ ಒಂದು ಶನಿವಾರದಲ್ಲಿ ಮುಗಿಸಿದೆ. ಎವಿಆರ್ ಬೇಕಾದರೆ ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ತಂದುಕೊಡುತ್ತೇನೆ, ಇಲ್ಲಿ ಸೇಲ್‌ನಲ್ಲಿ ಕಡಿಮೆಗೆ ಸಿಗುತ್ತದೆ.

ಹಳೇ ಆಂಪ್ಲಿಫೈಯರ್:
ಸ್ವಾಮೀ, ನಿಮ್ಮ ಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದದ್ದು. ಚಾಕುವಿನಲ್ಲಿ ಕೊಯ್ಯಬಹುದು. ಜಂಬಿಟ್ಟಿಗೆಗೆ ಇನ್‌ವಾಲ್ ಅಂದರೆ ಮೇಸ್ತ್ರಿ ನಮ್ಮನ್ನೇ ಗೋಡೆಯೊಳಗೆ ಇಡುತ್ತಾನೆ. ಮತ್ತೆ ಅಮೆರಿಕದ ಎವಿಆರ್ 120 ವೋಲ್ಟ್‌ನದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಒಂದೇ ಸಲ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು, ವಾರಂಟಿಯೂ ಇಲ್ಲಿ ನಡೆಯುವುದಿಲ್ಲ. ಉಳಿಸಿದ್ದು ಅಲ್ಲೇ ಹೋಯಿತು.

ಜರ್ಸಿ ಕನ್ನಡಿಗ:
ಜಂಬಿಟ್ಟಿಗೆ ಅನ್ನುವುದು ಮರೆತೇ ಹೋಗಿತ್ತು ಸರ್, ಒಪ್ಪಿದೆ. ಚಾಕಲೇಟ್ ಮಾತ್ರ ತರುತ್ತೇನೆ.

ಫಿಸಿಕ್ಸ್ ಮೇಡಂ:
ಛಾವಣಿ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮೇಲಕ್ಕೆ ಮುಖ ಮಾಡಿದ ಆಟ್ಮಾಸ್ ಸ್ಪೀಕರ್‌ಗಳು ಧ್ವನಿಯನ್ನು ಸೀಲಿಂಗ್‌ಗೆ ಹೊಡೆದು ನಮ್ಮತ್ತ ತಿರುಗಿಸುತ್ತವೆ. ಹಾಗಾಗಿ ಡಾಲ್ಬಿಯವರೇ ಚಪ್ಪಟೆ ಸೀಲಿಂಗ್ ಕೇಳುತ್ತಾರೆ, ಎತ್ತರ 7.5ರಿಂದ 12 ಅಡಿ ಇದ್ದರೆ ಒಳ್ಳೆಯದು. ನಿಮ್ಮದು ಇಳಿಜಾರು ಹಂಚು. ಧ್ವನಿ ನಿಮ್ಮ ತಲೆಗೆ ಬರುವ ಬದಲು ಇನ್ನೆಲ್ಲೋ ಹೋಗುತ್ತದೆ. ಹೆಚ್ಚಿನ ಆಟ್ಮಾಸ್ ಸೌಂಡ್‌ಬಾರ್‌ಗಳು ಇದೇ ಉಪಾಯ ನಂಬಿಕೊಂಡಿವೆ. ಆ ಕೋಣೆಯಲ್ಲಿ ಅದಕ್ಕೆ ಕೊಡುವ ದುಡ್ಡು ಸುಮ್ನೆ.

ಮೇಲಿನಿಂದಲೇ ಸದ್ದು ಬೇಕು ಅಂದರೆ ಟ್ರಸ್‌ಗೆ ಚಿಕ್ಕ ಸ್ಪೀಕರ್ ಬಿಗಿಯಬೇಕು. ಬಿಗಿಯಬಹುದು. ಆದರೆ ಜುಲೈ ತಿಂಗಳಲ್ಲಿ ನಿಮ್ಮ ಕಡೆಯ ಮಳೆ ಹಂಚಿಗೆ ಬಡಿಯುವಾಗ ಸಿನಿಮಾದ ಮಳೆ ಯಾರಿಗೆ ಕೇಳಿಸುತ್ತದೆ? 😄

ನನ್ನ ಮಾತು ಕೇಳುವುದಾದರೆ ಮೇಲಿನ ಸ್ಪೀಕರ್ ಬಿಟ್ಟು ಆ ದುಡ್ಡನ್ನು ಮುಂದಿನ ಮೂರಕ್ಕೆ ಹಾಕಿ. ಅದರಲ್ಲೂ ನಡುವಿನ ಸೆಂಟರ್ ಸ್ಪೀಕರ್‌ಗೆ. ಮಾತೆಲ್ಲ ಬರುವುದು ಅಲ್ಲಿಂದ. "ಏನಂದ ಅವನು?" ಅಂತ ಪಕ್ಕದವರನ್ನು ಕೇಳುತ್ತಾ ನೋಡಿದರೆ ಆಟ್ಮಾಸ್ ಇದ್ದೂ ಏನು ಬಂತು?

ಕುಂದಾಪ್ರದವ:
ನಾನೊಂದು ಕೇಳ್ತೇನೆ, ಬೇಸರ ಮಾಡ್ಕೊಳ್ಬೇಡಿ. ಮನೆಯಲ್ಲಿ ದಿನಾ ಓಡುವುದು ಎಂತ? ನಮ್ಮಲ್ಲಿ ನಾನು 5.1, ಅಂದರೆ ಐದು ಸ್ಪೀಕರ್, ಒಂದು ಸಬ್, ಹಾಕಿಸಿದೆ. ಅಪ್ಪ ರಾತ್ರಿಯಿಡೀ ಯೂಟ್ಯೂಬಿನಲ್ಲಿ ಯಕ್ಷಗಾನ ನೋಡ್ತಾರೆ. ಅದು ಬರುವುದೇ ಎರಡು ಚಾನೆಲ್‌ನಲ್ಲಿ. ಎವಿಆರ್ ಅದನ್ನು ಐದಕ್ಕೆ ಹಂಚಿ ಭಾಗವತರನ್ನು ಅಪ್ಪನ ಬೆನ್ನ ಹಿಂದೆ ಕೂರಿಸಿತು ಮಾರಾಯ್ರೆ! ಅಪ್ಪ ತಿರುಗಿ ತಿರುಗಿ ನೋಡಿದರು. ಆಮೇಲೆ ಸ್ಟೀರಿಯೋ ಬಟನ್ ಒತ್ತಿ ಕೊಟ್ಟೆ, ಚೆಂಡೆಯ ಪೆಟ್ಟು ಚಟ್ ಅಂತ ಎದೆಗೆ ಬಂತು. ಎರಡು ಒಳ್ಳೆ ಸ್ಪೀಕರ್, ಒಂದು ಸ್ಟೀರಿಯೋ ಆಂಪ್. ಉಳಿದ ದುಡ್ಡಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ.

ತುಂಗಾತೀರ:
ನಮ್ಮ ಅಮ್ಮನದೂ ಅದೇ ಕತೆ, ತಾಳಮದ್ದಳೆ. ಆದರೆ ನನಗೆ ಸಿನಿಮಾ ಬೇಕು ಸರ್. ಇನ್ನೊಂದು ಸಂಶಯ. ಟಿವಿಯ ಸದ್ದನ್ನು ಎವಿಆರ್‌ಗೆ ಕಳಿಸಲು ಟಿವಿಯಲ್ಲಿ ಎಆರ್‌ಸಿ ಅಂತಷ್ಟೇ ಬರೆದ ಒಂದು ಪೋರ್ಟ್ ಇದೆ, ಅದರ ಹೊಸ ರೂಪ ಇಎಆರ್‌ಸಿ ಅಂತಿಲ್ಲ. ಆಟ್ಮಾಸ್ ಬರುವುದೇ ಇಲ್ಲ ಅಂತ ಅಂಗಡಿಯವರು ಈಗ ಹೇಳುತ್ತಿದ್ದಾರೆ. ಟಿವಿ ಮಾರುವಾಗ ಹೇಳಲಿಲ್ಲ!

ವೈರ್‌ಲೆಸ್ ವೀರ:
ಹೌದು, ಆಟ್ಮಾಸ್‌ಗೆ ಇಎಆರ್‌ಸಿ ಬೇಕೇ ಬೇಕು.

ಫಿಸಿಕ್ಸ್ ಮೇಡಂ:
ಬೇಕೇ ಬೇಕು ಅಂತಿಲ್ಲ. ನೆಟ್‌ಫ್ಲಿಕ್ಸ್‌ನಂಥ ಆಪ್‌ಗಳ ಆಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಕುಗ್ಗಿಸಿದ ರೂಪದ ಒಳಗೆ ಕೂತು ಬರುತ್ತದೆ, ಹೆಚ್ಚೆಂದರೆ 768 ಕೆಬಿಪಿಎಸ್. ಟಿವಿ ಅದನ್ನು ದಾಟಿಸಿದರೆ ಹಳೆಯ ಎಆರ್‌ಸಿಯಲ್ಲೂ ಹರಿಯುತ್ತದೆ. ಡಿಸ್ಕ್‌ನಲ್ಲಿ ಇರುವುದು ಟ್ರೂಎಚ್‌ಡಿ, ಅಂದರೆ ಏನೂ ಕಳೆದುಕೊಳ್ಳದ ಧ್ವನಿ, ಅದಕ್ಕೆ ಇಎಆರ್‌ಸಿಯಷ್ಟು ಅಗಲದ ದಾರಿ ಬೇಕು. ಆಪಲ್ ಟಿವಿ ಡಬ್ಬಿಯೂ ಆಟ್ಮಾಸನ್ನು ಬಿಚ್ಚಿದ ರೂಪದಲ್ಲಿ ಕಳಿಸುತ್ತದೆ, ಅದನ್ನು ಟಿವಿಗೆ ಸಿಕ್ಕಿಸಿದರೆ ಎಆರ್‌ಸಿ ಸಾಲದು. ಆದರೆ ಡಬ್ಬಿಯನ್ನು ಎವಿಆರ್‌ಗೇ ಸಿಕ್ಕಿಸಿ, ಅಲ್ಲಿಂದ ಚಿತ್ರ ಮಾತ್ರ ಟಿವಿಗೆ ಕಳಿಸಿದರೆ ಈ ತಲೆನೋವೇ ಇಲ್ಲ. ಟಿವಿ ಬದಲಾಯಿಸಬೇಡಿ.

ವೈರ್‌ಲೆಸ್ ವೀರ:
ತಪ್ಪು ಹೇಳಿದೆ, ತಿದ್ದಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಆದರೆ ಈಗ ಡಿಸ್ಕ್ ಯಾರು ಹಾಕುತ್ತಾರೆ? ಡಿಸ್ಕ್ ಪ್ಲೇಯರ್ ಮಾಡುವುದನ್ನು ಆಪೋ 2018ರಲ್ಲೇ ಬಿಟ್ಟಿತು, 2019ರಲ್ಲಿ ಸ್ಯಾಮ್‌ಸಂಗ್, 2024ರಲ್ಲಿ ಎಲ್‌ಜಿ.

ಹಳೇ ಆಂಪ್ಲಿಫೈಯರ್:
ನಾನು ಹಾಕುತ್ತೇನೆ. 4ಕೆ ಡಿಸ್ಕ್‌ನಲ್ಲಿ ಸೆಕೆಂಡಿಗೆ 100 ಮೆಗಾಬಿಟ್‌ವರೆಗೂ ಹೋಗುವ ಚಿತ್ರ, ಆಪ್‌ನಲ್ಲಿ 15–20. ಕತ್ತಲೆ ದೃಶ್ಯ ಬರಲಿ, ಆಪ್‌ನಲ್ಲಿ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕನ್ನಡ ಸಿನಿಮಾ ಆ ಡಿಸ್ಕ್‌ನಲ್ಲಿ ಸಿಗುವುದಿಲ್ಲ ಅನ್ನುವುದು ಬೇಜಾರು, ಅದನ್ನು ಒಪ್ಪುತ್ತೇನೆ. ಆದರೆ ಮಲೆನಾಡಿನಲ್ಲಿ ಒಂದು ಮರ ಬಿದ್ದು ಫೈಬರ್ ತುಂಡಾದರೆ ಮೂರು ದಿನ ನೆಟ್ ಇಲ್ಲ. ಆಗ ಡಿಸ್ಕ್ ಇದ್ದವನೇ ರಾಜ.

ಕುಂದಾಪ್ರದವ:
ಮರ ಬಿದ್ದರೆ ಕರೆಂಟೂ ಇರುವುದಿಲ್ಲ ಸರ್.

ಹಳೇ ಆಂಪ್ಲಿಫೈಯರ್:
ಇನ್ವರ್ಟರ್ ಇದೆಯಲ್ಲ! ಸೈನ್ ವೇವ್ ಇರಬೇಕು ಅಷ್ಟೇ. ಸ್ಕ್ವೇರ್ ವೇವ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ. ಹಾಗೇ ಭರಣಿ ಮಳೆಯ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ಕೇಬಲ್ ಟಿವಿಯ ವೈರನ್ನೂ ಕಿತ್ತಿಡಿ. ಸಿಡಿಲು ಕರೆಂಟಿನ ದಾರಿಯಲ್ಲೇ ಬರಬೇಕು ಅಂತೇನಿಲ್ಲ. ನನ್ನ ಸಬ್‌ನಲ್ಲಿ ಎರಡು ತಿಂಗಳು ಹಮ್, ಅಂದರೆ ಗುಂಯ್‌ಗುಟ್ಟುವ ಸದ್ದು, ಬರುತ್ತಿತ್ತು. ಆಂಪ್ ಬಿಚ್ಚಿದೆ, ವೈರ್ ಬದಲಾಯಿಸಿದೆ, ಅರ್ತಿಂಗ್‌ಗೆ ಉಪ್ಪು, ಇದ್ದಿಲು, ನೀರು ಹಾಕಿದೆ. ಕೊನೆಗೆ ಸೆಟ್ ಟಾಪ್ ಬಾಕ್ಸಿನ ಕೇಬಲ್ ತೆಗೆದ ತಕ್ಷಣ ಹಮ್ ಮಾಯ. ಅದೇ ಕಳ್ಳ.

ತುಂಗಾತೀರ:
ಮಾತು ಚೆನ್ನಾಗಿದೆ, ಆದರೆ ನಾಳೆ ಬೆಳಿಗ್ಗೆ 8ಕ್ಕೆ ಎಲೆಕ್ಟ್ರಿಷಿಯನ್ ಬರುತ್ತಾರೆ. ಪೈಪ್ ಹೌದಾ, ಅಲ್ಲವಾ?

ಫಿಸಿಕ್ಸ್ ಮೇಡಂ:
ಹೌದು. ವೀರ ಅವರ ವೈರ್‌ಲೆಸ್ ಸ್ಪೀಕರ್ ತಗೊಂಡರೂ ಹೌದು. ಆ ಸ್ಪೀಕರ್‌ಗೆ ಕರೆಂಟ್ ಬೇಡವಾ? ಹಿಂದಿನ ಗೋಡೆಯಲ್ಲಿ ಎರಡು ಮೂಲೆಗೂ ಒಂದೊಂದು ಪ್ಲಗ್ ಪಾಯಿಂಟ್ ಹೇಗೂ ಹಾಕಿಸಬೇಕು. ಗೋಡೆ ಕಟಿಂಗ್ ಹೇಗೂ ಆಗುತ್ತದೆ. ಜೊತೆಗೆ ಇನ್ನೊಂದು ಪೈಪ್ ಹೋದರೆ ಏನು ನಷ್ಟ?

ಸ್ಪೀಕರ್ ವೈರಿಗೆ ಬೇರೆ ಪೈಪ್, ಕರೆಂಟಿನ ಜೊತೆ ಬೇಡ. ವೈರ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. 2.5 ಸ್ಕ್ವೇರ್ ಎಂಎಂ ತಾಮ್ರದ ಎರಡು ಕೋರ್ ಫ್ಲೆಕ್ಸಿಬಲ್ ಸಾಕು. ಮೀಟರಿಗೆ ಸುಮಾರು 7 ಮಿಲಿಓಮ್. 12 ಮೀಟರ್ ಎಳೆದರೆ ಹೋಗಿ ಬರಲು 24, ಅಂದರೆ 0.17 ಓಮ್. 8 ಓಮ್ ಸ್ಪೀಕರ್ ಮುಂದೆ ಅದು ಲೆಕ್ಕಕ್ಕಿಲ್ಲ.

ಸಬ್‌ಗೆ ಒಂದೇ ಜಾಗ ಅಂತ ನಿರ್ಧರಿಸಬೇಡಿ. 13 ಅಡಿ ಅಂದರೆ 3.96 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರನ್ನು ಅದರ ಎರಡರಷ್ಟರಿಂದ ಭಾಗಿಸಿ, 43 ಹರ್ಟ್ಜ್ ಬರುತ್ತದೆ. ಆ ಸ್ವರ ನಿಮ್ಮ ಕೋಣೆಯ ಎರಡೂ ತುದಿಯ ಗೋಡೆ ಹತ್ತಿರ ಗುಡುಗುತ್ತದೆ, ಸರಿಯಾಗಿ ನಡುವೆ ಸತ್ತೇ ಹೋಗುತ್ತದೆ. ಸೋಫಾ ನಡುವೆ ಹಾಕಿದರೆ "ಸಬ್ ಡಬ್ಬಾ" ಅಂತ ಕಂಪನಿಯನ್ನು ಬೈಯುತ್ತೀರಿ. ಸಬ್ಬನ್ನು ಸೋಫಾ ಮೇಲಿಟ್ಟು, ಬಾಸ್ ಇರುವ ಹಾಡು ಹಾಕಿ, ನೀವು ನೆಲದ ಮೇಲೆ ಅಂಬೆಗಾಲಿಡಿ. ಎಲ್ಲಿ ಬಾಸ್ ಸಮನಾಗಿ ಕೇಳುತ್ತದೋ ಸಬ್ ಅಲ್ಲಿಗೆ. ನಾನು ಇದನ್ನು ಮಾಡುವಾಗ ಹಾಲಿನವನು ಬಂದು ನೋಡಿಬಿಟ್ಟ. ಅದಕ್ಕೇ ಮುಂದೆ ಒಂದು, ಹಿಂದೆ ಒಂದು, ಎರಡು ಕಡೆ ಸಬ್ ಪಾಯಿಂಟ್ ಇಡಿ.

ಹಳೇ ಆಂಪ್ಲಿಫೈಯರ್:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎವಿಆರ್‌ನಿಂದ ಟಿವಿಗೆ ಹೋಗುವ ಪೈಪ್ ದಪ್ಪ ಇರಲಿ. ಎಲೆಕ್ಟ್ರಿಷಿಯನ್ ಮಾಮೂಲಿ 20 ಎಂಎಂ ಹಾಕುತ್ತಾರೆ, ಎಚ್‌ಡಿಎಂಐ ತಲೆ ಅದರಲ್ಲಿ ನುಗ್ಗುವುದಿಲ್ಲ. 50 ಎಂಎಂ ಹಾಕಿಸಿ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದನೆಯ ಬೆಂಡ್. ಎಚ್‌ಡಿಎಂಐ 2.2 ಅಂತ 96 ಗಿಗಾಬಿಟ್‌ನದು 2025ರಲ್ಲೇ ಬಂದಿದೆ, ಇವತ್ತಿನ ಕೇಬಲ್ ನಾಳೆ ಕೀಳಲೇಬೇಕು. ದೂರ ಜಾಸ್ತಿ ಇದ್ದರೆ ಆಪ್ಟಿಕಲ್ ಎಚ್‌ಡಿಎಂಐ ತಗೊಳ್ಳಿ. ಅದಕ್ಕೆ ಹಿಂದು ಮುಂದು ಇದೆ, ಉಲ್ಟಾ ಎಳೆದರೆ ಚಿತ್ರ ಬರುವುದಿಲ್ಲ. ಗೊತ್ತಿದ್ದೂ ಉಲ್ಟಾ ಎಳೆದವನು ನಾನು.

ವೈರ್‌ಲೆಸ್ ವೀರ:
ಸರಿ, ಸ್ವಂತ ಮನೆಗೆ ಪೈಪ್ ಇರಲಿ, ಒಪ್ಪಿದೆ. ಆದರೆ ಹೆಚ್ಚಿನ ಜನ ಇರುವುದು ನನ್ನಂಥ ಮನೆಯಲ್ಲೇ. ಹೊಸ ಸಾಮಾನು ಅವರಿಗಾಗಿ ಬರುತ್ತಿದೆ. ಅದನ್ನು ಆಟಿಕೆ ಅಂತ ನೋಡಬೇಡಿ.

ಹಳೇ ಆಂಪ್ಲಿಫೈಯರ್:
ಆಟಿಕೆ ಅನ್ನಲಿಲ್ಲ ಮಾರಾಯ, ಸ್ಟೂಲ್ ಅಂದೆ.

ಜರ್ಸಿ ಕನ್ನಡಿಗ:
ಪ್ರೊಜೆಕ್ಟರ್ ಯಾರೂ ಹೇಳಲಿಲ್ಲ? 65 ಇಂಚು ಚಿಕ್ಕದಲ್ಲವಾ?

ತುಂಗಾತೀರ:
ಛಾವಣಿಯಲ್ಲಿ ಆರು ಗಾಜಿನ ಹಂಚು ಇಡಿಸಿದ್ದೇನೆ ಸರ್, ಬೆಳಕು ಬರಲಿ ಅಂತ. ಹಗಲಲ್ಲಿ ಪರದೆ ಬಿಳಿ ಪಂಚೆ ಹಾಗೆ ಕಾಣುತ್ತದೆ.

ತುಂಗಾತೀರ: (ಮೂರು ದಿನ ಬಿಟ್ಟು)
ಕೆಲಸ ಆಯಿತು. ಟಿವಿ ಹಿಂದೆ 50 ಎಂಎಂ ಪೈಪ್, ಹಿಂದಿನ ಗೋಡೆಗೆ 25ರದ್ದು ಎರಡು, ಸಬ್‌ಗೆ ಎರಡು ಕಡೆ ಪಾಯಿಂಟ್. ಮೇಲಿನ ಸ್ಪೀಕರ್ ಕೈಬಿಟ್ಟೆ. ಮುಂದೆ ಮೂರು, ಹಿಂದೆ ಎರಡು, ಒಂದು ಸಬ್, ಒಂದು ಎವಿಆರ್. ಅಮ್ಮನಿಗೆ ರಿಮೋಟಿನ ಸ್ಟೀರಿಯೋ ಬಟನ್ ಮೇಲೆ ಕುಂಕುಮದ ಬೊಟ್ಟು ಇಟ್ಟುಕೊಡುತ್ತೇನೆ. 50 ಎಂಎಂ ಪೈಪ್ ನೋಡಿ ಮೇಸ್ತ್ರಿ, "ಟಿವಿಗೆ ಬಚ್ಚಲು ನೀರು ಬಿಡ್ತೀರಾ ಸರ್?" ಅಂದರು. ಪ್ಲಾಸ್ಟರಿಂಗ್ ನಿನ್ನೆ ಮುಗಿಯಿತು.

ಫಿಸಿಕ್ಸ್ ಮೇಡಂ:
ಚೆನ್ನಾಯಿತು. ಪೈಪಿನ ಬಾಯಿಗೆ ಬಟ್ಟೆ ತುರುಕಿ ಇಡಿ. ಇಲ್ಲದಿದ್ದರೆ ಕುಂಬಾರ ಹುಳ ಒಂದೇ ವಾರದಲ್ಲಿ ಮಣ್ಣಿನ ಗೂಡು ಕಟ್ಟಿಬಿಡುತ್ತದೆ.

ಹಳೇ ಆಂಪ್ಲಿಫೈಯರ್:
ಪೈಪ್ ಒಳಗೆ ನೈಲಾನ್ ದಾರ ಬಿಟ್ಟಿದ್ದೀರಿ ತಾನೇ? ಆಮೇಲೆ ವೈರ್ ಎಳೆಯಲು?

ತುಂಗಾತೀರ:
ಅಯ್ಯೋ.

ಕುಂದಾಪ್ರದವ:
ಹೆದರಬೇಡಿ. ತೆಳು ದಾರದ ತುದಿಗೆ ಪ್ಲಾಸ್ಟಿಕ್ ಕವರಿನ ಚಿಕ್ಕ ಚೂರು ಕಟ್ಟಿ ಈ ಬಾಯಲ್ಲಿ ಬಿಡಿ, ಆ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ಸರ್ರನೆ ಎಳೆದುಕೊಳ್ತದೆ. ಹುಳ ಸೇರುವ ಮೊದಲು ಮಾಡಿ, ಹಾಂ.