ಡಿಸ್ಕ್ ಬದಲಿಸಿದರೆ ಜಾಗ ತಾನೇ ಬೆಳೆಯುತ್ತಾ? ಬ್ಯಾಚ್ ಗುಂಪಿನಲ್ಲಿ ಶನಿವಾರ ರಾತ್ರಿ

(ಗುಂಪಿನಲ್ಲಿ ಎಲ್ಲರ ನಂಬರೂ ಊರಿನ ಹೆಸರಲ್ಲೇ ಸೇವ್ ಆಗಿವೆ. ಹಾಗೇ ಬಿಟ್ಟಿದೆ. ರೇಡ್ ಅಂದರೆ ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಒಂದಾಗಿ ಬಳಸುವ ಏರ್ಪಾಡು; ಹೈಬ್ರಿಡ್ ರೇಡ್‌ನಲ್ಲಿ ಬೇರೆ ಬೇರೆ ಅಳತೆಯ ಡಿಸ್ಕ್ ಬೆರೆಸಬಹುದು. ನ್ಯಾಸ್ ಅಂದರೆ ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವ ಡಿಸ್ಕ್ ಡಬ್ಬಿ.)

ಹುಬ್ಬಳ್ಳಿ, ರಾತ್ರಿ 8:42
[ಹಲವು ಬಾರಿ ಫಾರ್ವರ್ಡ್ ಆಗಿದೆ]
ಐಟಿ ಮಿತ್ರರ ಗಮನಕ್ಕೆ!! ಸ್ಟೋರೇಜ್ ತುಂಬಿತಾ? ಹೊಸದು ಕೊಳ್ಳಬೇಡಿ. ಹೈಬ್ರಿಡ್ ರೇಡ್ ಇರುವ ನ್ಯಾಸ್‌ನಲ್ಲಿ ಹಳೇ ಡಿಸ್ಕ್ ಒಂದೊಂದಾಗಿ ಎಳೆದು ದೊಡ್ಡದು ಹಾಕುತ್ತಾ ಹೋಗಿ. ಕೊನೆಗೆ ಜಾಗ ತಾನಾಗಿಯೇ ಬೆಳೆಯುತ್ತದೆ. ಆಫ್ ಮಾಡುವುದೂ ಬೇಡ, ಬ್ಯಾಕಪ್ಪೂ ಬೇಡ, ರೇಡ್ ಇದೆಯಲ್ಲ! ಎಲ್ಲರಿಗೂ ಕಳಿಸಿ 🙏

ಹುಬ್ಬಳ್ಳಿ
ಬ್ಯಾಕಪ್ ಬ್ಯಾಕಪ್ ಅಂತ ವರ್ಷಗಟ್ಟಲೆ ಅಂಜಿಸಿದವರು ಓದ್ರಿ ಇದನ್ನ. ನಾ ಮೊದಲಿಂದ ಇದನ್ನ ಹೇಳಕೋಂತ ಬಂದೇನಿ.

ದಾವಣಗೆರೆ
ಸರಿಯಾದ ಟೈಮಿಗೆ ಕಳಿಸಿದೆ. ನಾಳೆ ಬೆಳಗ್ಗೆ ಇದೇ ಕೆಲಸ ಇಟ್ಕೊಂಡಿದೀನಿ. ಡೆಲ್ ಆರ್730 ಸರ್ವರ್, ಪರ್ಕ್ ಎಚ್730 ರೇಡ್ ಕಾರ್ಡು. 4 ಟಿಬಿ ಸ್ಯಾಸ್ (ಸರ್ವರ್ ದರ್ಜೆಯ) ಡಿಸ್ಕ್ ನಾಲ್ಕು, ಒಂದು ಡಿಸ್ಕ್ ಹೋದರೂ ತಡೆಯೋ ರೇಡ್ 5. ವಿಎಂ (ವರ್ಚುವಲ್ ಯಂತ್ರ) ಓಡಿಸೋ ಇಎಸ್‌ಎಕ್ಸ್‌ಐ 6.7, ನಾಲ್ಕೂ ಸೇರಿ ಒಂದಾಗಿ ಕಾಣೋ ಅದೇ ವರ್ಚುವಲ್ ಡಿಸ್ಕ್ ಮೇಲೇ ಕೂತಿದೆ. ವಿಎಂಗಳ ಫೈಲ್ ಇರೋ ಡೇಟಾಸ್ಟೋರ್ 94% ತುಂಬಿದೆ. 4 ಟಿಬಿಯ ಹೊಸ ಡಿಸ್ಕ್ ಎರಡು ಬಂದಿವೆ, ಡಿಸ್ಕ್ ಹಾಕೋ ಬೇ ನಾಲ್ಕು ಖಾಲಿ ಇವೆ. ಇವೆರಡನ್ನ ವಾಪಸ್ ಕೊಟ್ಟು 8 ಟಿಬಿದು ನಾಲ್ಕು ತಂದು ಹಿಂಗೇ ಎಳೆದು ಹಾಕಲಾ?

ಡಬ್ಲಿನ್
ಮೂಲ ಯಾವುದು? ಯಾರು ಬರೆದದ್ದು? ಯಾವ ಕಾರ್ಡಿಗೆ?

ಹುಬ್ಬಳ್ಳಿ
ಶುರು ಆತು ನೋಡ್ರಿ. ಬೆಳಗಾತು ಅಂದ್ರೂ ಮೂಲ ಕೇಳ್ತಾನ.

ಬೆಂಗಳೂರು
ಮೂಲ ಬೇಡ, ಗಣಿತ ಸಾಕು. ರೇಡ್ 5ರಲ್ಲಿ ಇಷ್ಟು ದೊಡ್ಡ ಡಿಸ್ಕ್ ರೀಬಿಲ್ಡ್ (ಹೋದ ಡಿಸ್ಕಿನ ಡೇಟಾ ಉಳಿದವುಗಳಿಂದ ಮತ್ತೆ ಕಟ್ಟೋದು) ಮಾಡಿದ್ರೆ ಫೇಲ್ ಆಗೇ ಆಗುತ್ತೆ. 2007ರಿಂದ ಎಲ್ರೂ ಹೇಳ್ತಾ ಇದಾರೆ. 10ರ ಘಾತ 14 ಬಿಟ್‌ಗೆ ಒಂದು ಓದಲಾಗದ ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು). ಅಂದ್ರೆ 12.5 ಟಿಬಿ ಓದೋದ್ರೊಳಗೆ ಒಂದು ಪೆಟ್ಟು ಗ್ಯಾರಂಟಿ.

ಡಬ್ಲಿನ್
ಗ್ಯಾರಂಟಿ ಅಲ್ಲ. ಒಂದು ಡಿಸ್ಕ್ ತೆಗೆದರೆ ಉಳಿದ ಮೂರರಿಂದ 12 ಟಿಬಿ ಓದಬೇಕು, ಅಂದರೆ 9.6 ಗುಣಿಲೆ 10ರ ಘಾತ 13 ಬಿಟ್. ನೀನು ಹೇಳಿದ ದರವನ್ನೇ ಹಿಡಿದರೂ ಒಂದಾದರೂ ದೋಷ ಸಿಗುವ ಸಂಭವ ಸುಮಾರು 62%. ಅದು ಡೆಸ್ಕ್‌ಟಾಪ್ ಡಿಸ್ಕಿನ ಸ್ಪೆಕ್. ಇವನ ಸ್ಯಾಸ್ ಡಿಸ್ಕಿಗೆ 10ರ ಘಾತ 15, ಆಗ ಸುಮಾರು 9%. ಅದೂ ಗರಿಷ್ಠ ಮಿತಿ ಅಷ್ಟೇ, ಸರಾಸರಿ ಅಲ್ಲ. ಜೊತೆಗೆ ಒಂದು ಸೆಕ್ಟರ್ ಓದಲಾಗಲಿಲ್ಲ ಅಂತ ಪರ್ಕ್ ಇಡೀ ಅರೇ (ಡಿಸ್ಕ್ ಗುಂಪು) ಬಿಸಾಡಲ್ಲ. ಆ ಸ್ಟ್ರೈಪನ್ನು (ಡಿಸ್ಕುಗಳಿಗೆ ಹಂಚಿದ ಆ ಪಟ್ಟಿಯನ್ನು) ಪಂಕ್ಚರ್ ಅಂತ ಗುರುತು ಹಾಕಿ ಮುಂದೆ ಹೋಗುತ್ತೆ. ಆ ಜಾಗದಲ್ಲಿದ್ದ ಫೈಲ್ ಹೋಯಿತು, ಉಳಿದದ್ದು ಇರುತ್ತೆ.

ಬೆಂಗಳೂರು
ಹೋದ ಫೈಲು ಡೇಟಾಬೇಸ್ ಆಗಿದ್ರೆ?

ಡಬ್ಲಿನ್
ಅದಕ್ಕೇ ಬ್ಯಾಕಪ್ ಅನ್ನೋದು. ಈ ಮಾತಿಗೆ ಹೋದ ಸಲ ಇದೇ ಗುಂಪಲ್ಲಿ ನನ್ನನ್ನ ಭಯೋತ್ಪಾದಕ ಅಂತ ಕರೆದದ್ದು ಯಾರು?

ಬೆಂಗಳೂರು
[ಈ ಸಂದೇಶವನ್ನು ಅಳಿಸಲಾಗಿದೆ]

ಶಿವಮೊಗ್ಗ ಸೀನಿಯರ್
ಮಕ್ಕಳೇ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಡಿಸ್ಕ್ ತರುವ ಮುಂಚೆ 94% ತುಂಬಿದ್ದು ಏನು ಅಂತ ನೋಡಿದಿರಾ? ಹಳೇ ಐಎಸ್ಒ (ಇನ್‌ಸ್ಟಾಲ್ ಡಿಸ್ಕಿನ ಪ್ರತಿ), ಯಾರೂ ಮುಟ್ಟದ ಟೆಸ್ಟ್ ವಿಎಂ, ಆರು ತಿಂಗಳ ಹಿಂದಿನ ಸ್ನ್ಯಾಪ್‌ಶಾಟ್, ಅಂದರೆ ವಿಎಂನ ಆ ಕ್ಷಣದ ಸ್ಥಿತಿ ಹಿಡಿದಿಟ್ಟದ್ದು. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಪ್ರತಿ ಬದಲಾವಣೆಯೂ ಡೆಲ್ಟಾ ಫೈಲಿಗೆ ಹೋಗಿ ಅದು ಊದುತ್ತಲೇ ಇರುತ್ತದೆ. ಅದಿರುವವರೆಗೆ ಆ ವಿಎಂನ ಡಿಸ್ಕ್ ದೊಡ್ಡದು ಮಾಡಲೂ ಬಿಡುವುದಿಲ್ಲ. ನಮ್ಮ ಕಾಲದಲ್ಲಿ ವಾರಕ್ಕೊಮ್ಮೆ ಕಸ ಗುಡಿಸದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಹುಬ್ಬಳ್ಳಿ
ಸರ್ ಮಾತು ಬಂಗಾರ 🙏

ಡಬ್ಲಿನ್
ಸ್ನ್ಯಾಪ್‌ಶಾಟ್ ಮಾತು ಸರಿ ಸರ್. ಒಂದು ಸೇರಿಸ್ತೀನಿ: ಹಳೇ ಸ್ನ್ಯಾಪ್‌ಶಾಟ್ ಅಳಿಸುವಾಗ ಒಂದೊಂದೇ ವಿಎಂ, ಕೆಲಸ ಕಡಿಮೆ ಇರುವ ಹೊತ್ತು. ಡೆಲ್ಟಾ ಪೂರ್ತಿ ಮೂಲ ಡಿಸ್ಕಿಗೆ ಬರೆಯೋ ತನಕ ಓಡುತ್ತಿರುವ ವಿಎಂ ಹೊಸ ಡೆಲ್ಟಾ ಬೆಳೆಸ್ತಾ ಇರುತ್ತೆ, ಅದಕ್ಕೂ ಜಾಗ ಬೇಕು. ಥಿನ್ ಡಿಸ್ಕ್ (ಬಳಸಿದಂತೆ ಬೆಳೆಯೋ ವಿಎಂ ಡಿಸ್ಕ್) ಇರುವ ಡೇಟಾಸ್ಟೋರ್ ಪೂರ್ತಿ ತುಂಬಿದರೆ ವಿಎಂಗಳು ಒಂದಾದ ಮೇಲೊಂದು ನಿಂತುಬಿಡುತ್ತವೆ.

ಮಂಗಳೂರು
ಆ ಹಳೇ ಸರ್ವರ್ ಸಾಫ್ಟ್‌ವೇರ್ ನೆಟ್‌ವೇರ್ 3.12 ನೆನಪುಂಟಾ ಮಾರಾಯ್ರೆ? ಲ್ಯಾಬಿನ ಮೂಲೆಯಲ್ಲಿ ಆ ಸರ್ವರ್, ಲೋಡ್ ಇನ್‌ಸ್ಟಾಲ್ ಅಂತ ಹೊಡೆದು ವಾಲ್ಯೂಮಿಗೆ ಇನ್ನೊಂದು ಸೆಗ್ಮೆಂಟ್ ಅಂಟಿಸಿದ್ರೆ ಆಯ್ತು, ಎಲ್ಲ ಓಡ್ತಿರುವಾಗ್ಲೇ ಜಾಗ ಜಾಸ್ತಿ. ಎಂಥ ಚಂದ ಇತ್ತು.

ಹುಬ್ಬಳ್ಳಿ
ಕ್ಯಾಂಟೀನ್ ಮಂಡಕ್ಕಿ ಮಿರ್ಚಿ ಬಿಟ್ಟೆಲ್ಲೋ.

ಡಬ್ಲಿನ್
ಮಂಗಳೂರು, ಆ ಚಂದದ ಬೆಲೆಯನ್ನೂ ಹೇಳು. ಮಿರರ್ (ತದ್ರೂಪ ಪ್ರತಿ) ಇಲ್ಲದೆ ಎರಡು ಡಿಸ್ಕ್ ಮೇಲೆ ಹಬ್ಬಿಸಿದ ವಾಲ್ಯೂಮಿನಲ್ಲಿ ಯಾವುದೇ ಒಂದು ಡಿಸ್ಕ್ ಹೋದರೂ ಪೂರ್ತಿ ವಾಲ್ಯೂಮ್ ಹೋಗ್ತಿತ್ತು.

ಮಂಗಳೂರು
ಹೌದು, ಅದು ಹೌದು. ದಾವಣಗೆರೆ, ಅದೇ ಗುಂಡಿ ಇಎಸ್‌ಎಕ್ಸ್‌ಐಯಲ್ಲಿಯೂ ಉಂಟು. ಹೊಸ ಎರಡು ಡಿಸ್ಕಿಗೆ ಬೇರೆ ವರ್ಚುವಲ್ ಡಿಸ್ಕ್ ಮಾಡಿ, ಅದನ್ನು ಹಳೇ ಡೇಟಾಸ್ಟೋರಿಗೆ ಎಕ್ಸ್‌ಟೆಂಟ್ (ಹೆಚ್ಚುವರಿ ತುಂಡು) ಅಂತ ಅಂಟಿಸ್ಲಿಕ್ಕೆ ಹೋಗ್ಬೇಡ. ಎರಡು ನಿಮಿಷದ ಕೆಲಸ ಅಂತ ಆಸೆ ಆಗುದು. ಆದರೆ ಮೊದಲ ಎಕ್ಸ್‌ಟೆಂಟ್ ಹೋದ್ರೆ ಇಡೀ ಡೇಟಾಸ್ಟೋರ್ ಕಾಣುದಿಲ್ಲ, ಎರಡನೇದು ಹೋದ್ರೆ ಅದರ ಮೇಲೆ ಯಾರ ತುಂಡು ಬಿದ್ದಿತ್ತೋ ಅವರೆಲ್ಲ ಹೋದ್ರು. ಬೇರೆ ಡೇಟಾಸ್ಟೋರ್ ಅಂತ್ಲೇ ಇಟ್ಟು ನಾಲ್ಕು ವಿಎಂ ಅಲ್ಲಿಗೆ ಸಾಗಿಸಿದ್ರೆ ಅದು ಬೇರೆ ಮಾತು.

ದಾವಣಗೆರೆ
ಎಲ್ಲ ಸರಿ. ನಾಳೆ ಎಳೆಯಲೋ ಬೇಡವೋ?

ಡಬ್ಲಿನ್
ಎಳೀಬೇಡ. ರೇಡ್ 5ರಲ್ಲಿ ಒಂದು ಡಿಸ್ಕ್ ಎಳೆದ ಕ್ಷಣದಿಂದ ರೀಬಿಲ್ಡ್ ಮುಗಿಯೋ ತನಕ ನಿನಗೆ ಯಾವ ರಕ್ಷಣೆಯೂ ಇಲ್ಲ. 4 ಟಿಬಿಯನ್ನ ಸೆಕೆಂಡಿಗೆ 150 ಎಂಬಿಯಂತೆ ಬರೆದರೂ ಏಳೂವರೆ ಗಂಟೆ, ವಿಎಂ ಓಡ್ತಿದ್ದರೆ ಅದರ ಎರಡು ಮೂರು ಪಟ್ಟು. ಅಂಥದ್ದು ನಾಲ್ಕು ಸಲ. ನಾಲ್ಕೂ ಮುಗಿದ ಮೇಲೂ ವರ್ಚುವಲ್ ಡಿಸ್ಕ್ ಅದೇ 12 ಟಿಬಿ. ಅದನ್ನ ಎಕ್ಸ್‌ಪ್ಯಾಂಡ್ ಮಾಡು ಅಂತ ಕಾರ್ಡಿಗೆ ನೀನೇ ಹೇಳಬೇಕು.

ಹುಬ್ಬಳ್ಳಿ
ತಾನಾಗಿಯೇ ಬೆಳೀತೈತಿ ಅಂತ ಬರದಾರಲ್ಲ?

ಡಬ್ಲಿನ್
ನೀನೇ ಕಳಿಸಿದ್ದನ್ನ ಒಮ್ಮೆ ಓದು. ನಾಲ್ಕನೇ ವಾಕ್ಯ. "ಹೈಬ್ರಿಡ್ ರೇಡ್ ಇರುವ ನ್ಯಾಸ್‌ನಲ್ಲಿ." ಮನೆಯಲ್ಲಿಡೋ ನ್ಯಾಸ್ ಡಬ್ಬಿಯ ಸಾಫ್ಟ್‌ವೇರು ಅರೇಯಿಂದ ಫೈಲ್‌ಸಿಸ್ಟಮ್ ತನಕ ಎಲ್ಲವನ್ನೂ ತಾನೇ ಹಿಗ್ಗಿಸುತ್ತೆ, ಅಲ್ಲಿ ಅದು ನಿಜ. ಇವನದ್ದು ರೇಡ್ ಕಾರ್ಡು, ಅದರ ಮೇಲೆ ಇಎಸ್‌ಎಕ್ಸ್‌ಐ, ಅದರ ಮೇಲೆ ಗೆಸ್ಟ್, ಅಂದರೆ ವಿಎಂ ಒಳಗಿನ ಓಎಸ್. ಒಂದು ಪದರಕ್ಕೆ ಇನ್ನೊಂದರ ಸುದ್ದಿ ಗೊತ್ತಿರಲ್ಲ. ಕೆಳಗಿಂದ ಮೇಲಕ್ಕೆ ಒಂದೊಂದನ್ನೂ ಕೈಯಾರೆ ಬೆಳೆಸಬೇಕು.

ಹುಬ್ಬಳ್ಳಿ
ನಾ ಕಳಿಸಿದ್ದರಾಗ ತಪ್ಪಿಲ್ಲ ಅಂದಂಗಾತು ಹಂಗಾರ.

ಡಬ್ಲಿನ್
ಬ್ಯಾಕಪ್ ಬೇಡ ಅನ್ನೋದು ನ್ಯಾಸ್‌ಗೂ ತಪ್ಪು. ರ‍್ಯಾನ್ಸಮ್‌ವೇರ್ ಬಂದರೆ ರೇಡ್ ಅದನ್ನೂ ಎಲ್ಲ ಡಿಸ್ಕಿಗೂ ನಿಷ್ಠೆಯಿಂದ ಬರೆಯುತ್ತೆ.

ಬೆಂಗಳೂರು
ದಾವಣಗೆರೆ, ನಾನು ಹೇಳೋದು ಕೇಳು. ಇರೋ ಎರಡು ಡಿಸ್ಕನ್ನ ಖಾಲಿ ಬೇಗೆ ಹಾಕು, ರೇಡ್ 5ರಿಂದ ರೇಡ್ 6ಕ್ಕೆ ಹೋಗು. ಆರು ಡಿಸ್ಕು, ಎರಡು ಪ್ಯಾರಿಟಿಗೆ (ಹೋದದ್ದನ್ನ ಮತ್ತೆ ಕಟ್ಟೋ ಲೆಕ್ಕಕ್ಕೆ), 16 ಟಿಬಿ. ಇಎಸ್‌ಎಕ್ಸ್‌ಐಯಲ್ಲಿ 1024ರ ಲೆಕ್ಕದಲ್ಲಿ 14.55 ಅಂತ ಕಾಣುತ್ತೆ, ಈಗ 10.9 ಕಾಣ್ತಾ ಇರಬೇಕು. ರೇಡ್ 5ರಲ್ಲೇ ಉಳಿದ್ರೆ 18.2 ಸಿಗುತ್ತೆ, ಆದರೆ ಆರು ಡಿಸ್ಕಿಗೆ ಒಂದೇ ಪ್ಯಾರಿಟಿ ನನಗೆ ಒಪ್ಪಿಗೆ ಇಲ್ಲ. ಪರ್ಕ್‌ಸಿಎಲ್‌ಐ ಅನ್ನೋ ಕಮ್ಯಾಂಡ್ ಟೂಲಲ್ಲಿ ಸ್ಟಾರ್ಟ್ ಮೈಗ್ರೇಟ್, ಟೈಪ್ ರೇಡ್6, ಆಪ್ಷನ್ ಆ್ಯಡ್, ಆಮೇಲೆ ಡ್ರೈವ್ ನಂಬರು. ಡಿಸ್ಕ್ ಗ್ರೂಪಲ್ಲಿ ಒಂದೇ ವರ್ಚುವಲ್ ಡಿಸ್ಕ್ ಇರಬೇಕು, ಎರಡಿದ್ರೆ ಕಾರ್ಡು ಒಪ್ಪಲ್ಲ.

ಡಬ್ಲಿನ್
ಈ ಸಲ ಬೆಂಗಳೂರು ಹೇಳಿದ್ದು ಪೂರ್ತಿ ಸರಿ. ಮೈಗ್ರೇಟ್ ಮುಗಿಯೋ ತನಕ ಕಾರ್ಡು ರೈಟ್‌ಬ್ಯಾಕ್ ಬಿಟ್ಟು ರೈಟ್‌ಥ್ರೂಗೆ ಹೋಗುತ್ತೆ, ಅಂದರೆ ಪ್ರತಿ ಸಲ ಡಿಸ್ಕಿಗೇ ಬರೆಯೋ ತನಕ ಕಾಯುತ್ತೆ, ವಿಎಂಗಳು ತೆವಳುತ್ತವೆ. ಸೋಮವಾರ ಬೆಳಗ್ಗೆ ಫೋನ್ ಬಂದಾಗ ಗಾಬರಿಯಾಗಿ ರೀಸ್ಟಾರ್ಟ್ ಮಾಡಬೇಡ. ಶುರುವಾದದ್ದನ್ನ ನಡುವೆ ರದ್ದು ಮಾಡೋಕೆ ಬರಲ್ಲ, ಹೊಸ ಜಾಗವೂ ಪೂರ್ತಿ ಮುಗಿದ ಮೇಲೇ ಕಾಣೋದು.

ಬೆಂಗಳೂರು
"ಈ ಸಲ" ಅನ್ನೋದು ಬೇಕಿತ್ತಾ?

ಮಂಗಳೂರು
ಬಿಡಿ ಮಾರಾಯ್ರೆ ಇಬ್ಬರೂ. ದಾವಣಗೆರೆ, ಆ ಎರಡು ಡಿಸ್ಕ್ ಹೊಸದಾ, ಎಸ್‌ಪಿ ರೋಡಿಂದಾ?

ದಾವಣಗೆರೆ
ಒಂದು ಸೀಲ್ ಒಡೆಯದ್ದು. ಇನ್ನೊಂದು ಎಸ್‌ಪಿ ರೋಡ್ ರೀಫರ್ಬಿಶ್ಡ್. ಹಾಕಿ ನೋಡಿದೆ, ಫಾರಿನ್ ಅಂತ ತೋರಿಸ್ತಿದೆ.

ಬೆಂಗಳೂರು
ಅಂದ್ರೆ ಹಳೇ ಯಾವುದೋ ಸರ್ವರಿನ ರೇಡ್ ಗುರುತು ಅದರ ಮೇಲೆ ಉಳಿದಿದೆ. ಇಂಪೋರ್ಟ್ ಕೊಡಬೇಡ, ಕ್ಲಿಯರ್ ಕೊಡು. ಕ್ಲಿಯರ್ ಒತ್ತೋ ಮುಂಚೆ ಫಾರಿನ್ ಪಟ್ಟಿಯಲ್ಲಿ ಆ ಒಂದು ಸ್ಲಾಟ್ ಮಾತ್ರ ಇದೆ ಅಂತ ನೋಡು. ನಿನ್ನ ಹಳೇ ನಾಲ್ಕರಲ್ಲಿ ಯಾವುದಾದ್ರೂ ಅಲ್ಲಿ ಕಂಡ್ರೆ ಕೈ ಹಿಂದೆ ತಗೋ. ಆ ಆದೇಶ ಕಾರ್ಡಿನ ಎಲ್ಲ ಫಾರಿನ್ ಗುರುತನ್ನೂ ಒರೆಸುತ್ತೆ.

ಶಿವಮೊಗ್ಗ ಸೀನಿಯರ್
ಅವಸರವೇ ಅಪಘಾತಕ್ಕೆ ಕಾರಣ. ಬ್ಯಾಕಪ್ ಇದೆಯೇನಪ್ಪ?

ದಾವಣಗೆರೆ
ಇದೆ ಸರ್. ದಿನಾ ರಾತ್ರಿ ಸಕ್ಸೆಸ್ ಅಂತ ಮೇಲ್ ಬರುತ್ತೆ.

ಡಬ್ಲಿನ್
ಮೇಲ್ ಬಿಡು. ಒಂದು ವಿಎಂನ ಬೇರೆ ಯಂತ್ರಕ್ಕೆ ರಿಸ್ಟೋರ್ ಮಾಡಿ, ಬೂಟ್ ಮಾಡಿ, ಲಾಗಿನ್ ಆಗಿ, ನಿನ್ನೆಯ ಎಂಟ್ರಿ ಇದೆಯಾ ನೋಡು. ಅದಾಗದೆ ಮೈಗ್ರೇಟ್ ಶುರು ಮಾಡಬೇಡ.

ಹುಬ್ಬಳ್ಳಿ
ರೀಯೂನಿಯನ್ ಫೋಟೋ ಇಟ್ಟ ಹಾರ್ಡ್‌ಡಿಸ್ಕ್ ಕಳಕೊಂಡಾಂವ ಬ್ಯಾಕಪ್ ಪಾಠ ಹೇಳಾಕತ್ತಾನ.

ಡಬ್ಲಿನ್
ಕಳ್ಕೊಂಡಿದ್ದು ನಾನಲ್ಲ, ಕೊರಿಯರ್‌ನಲ್ಲಿ ಹೋಯ್ತು. ಎರಡನೇ ಕಾಪಿ ಇಟ್ಕೊಳ್ಳಿ ಅಂತ ಆವತ್ತೇ ಬರೆದಿದ್ದೆ, ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡು.

ಅಡ್ಮಿನ್
ಫೋಟೋ ವಿಷಯ ಇಲ್ಲಿ ಬೇಡ. ಮುಗಿದ ಕಥೆ.

ಮಂಗಳೂರು
ಕಾರ್ಡಿನ ಕೆಲಸ ಆದ ಮೇಲಿನದ್ದು ನಾನು ಹೇಳ್ತೇನೆ. ಇಎಸ್‌ಎಕ್ಸ್‌ಐ ಅದೇ ಡಿಸ್ಕಲ್ಲಿ ಇರುವುದರಿಂದ ಇನ್‌ಕ್ರೀಸ್ ಕೆಪ್ಯಾಸಿಟಿಯಲ್ಲಿ ಆ ಡಿಸ್ಕ್ ಕಾಣದೇ ಹೋಗಬಹುದು. ಆಗ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ ಕಮ್ಯಾಂಡ್ ಕೊಡುದು. ಪಾರ್ಟೆಡ್‌ಯುಟಿಲ್‌ನಲ್ಲಿ ಗೆಟ್‌ಪಿಟಿಬಿಎಲ್ ಹೊಡೆದು ಬಂದದ್ದನ್ನು ಪೂರ್ತಿ ಕಾಪಿ ಮಾಡಿ ಬೇರೆ ಕಡೆ ಇಟ್ಟುಕೋ. ಜಿಪಿಟಿಯ (ಪಾರ್ಟಿಷನ್ ಪಟ್ಟಿಯ) ಎರಡನೇ ಪ್ರತಿ ಡಿಸ್ಕಿನ ಕೊನೆಯಲ್ಲಿ ಇರುದು. ಡಿಸ್ಕ್ ಬೆಳೆದಾಗ ಅದು ನಡುವಲ್ಲಿ ಸಿಕ್ಕಿಬೀಳ್ತದೆ. ಫಿಕ್ಸ್‌ಜಿಪಿಟಿ ಅದನ್ನು ಕೊನೆಗೆ ಒಯ್ಯುತ್ತದೆ. ಆಮೇಲೆ ಡೇಟಾಸ್ಟೋರ್ ಇರುವ 3ನೇ ಪಾರ್ಟಿಷನ್ ರೀಸೈಜ್: ಶುರುವಿನ ಸೆಕ್ಟರ್ ಹಳೇದೇ, ಕೊನೆಯದ್ದು ಗೆಟ್‌ಯೂಸಬಲ್‌ಸೆಕ್ಟರ್ಸ್ ಹೇಳಿದ್ದು. ಶುರುವಿನದ್ದರಲ್ಲಿ ಒಂದಂಕಿ ತಪ್ಪಿದರೂ ಡೇಟಾಸ್ಟೋರ್ ಮಾಯ. ಕೊನೆಗೆ ಡೇಟಾಸ್ಟೋರ್ ಬೆಳೆಸ್ಲಿಕ್ಕೆ ವಿಎಂಕೆಎಫ್‌ಎಸ್‌ಟೂಲ್ಸ್ ಗ್ರೋಎಫ್‌ಎಸ್.

ಬೆಂಗಳೂರು
3ನೇದು ಅಂತ ಮೊನ್ನೆ ಇದೇ ಗುಂಪಲ್ಲಿ ಹೇಳಿದ್ದು ನಾನು. ಇಎಸ್‌ಎಕ್ಸ್‌ಐ 7 ಬಂದ ಮೇಲೆ ಹೊಸ ಇನ್‌ಸ್ಟಾಲ್‌ನಲ್ಲಿ ಅದು 8ನೇದು.

ಮಂಗಳೂರು
ಆಯ್ತು, ನೀನೇ ಹೇಳಿದ್ದು.

ಡಬ್ಲಿನ್
ಗೆಸ್ಟ್ ಒಳಗೆ: ಲಿನಕ್ಸ್‌ನಲ್ಲಿ ಗ್ರೋಪಾರ್ಟ್, ಪಿವಿರೀಸೈಜ್, ಎಲ್‌ವಿಎಕ್ಸ್‌ಟೆಂಡ್. ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್ ಆದರೆ ಬೇಕಾದಷ್ಟೇ ಬೆಳೆಸು, ಮತ್ತೆ ಚಿಕ್ಕದು ಮಾಡೋಕೆ ಬರಲ್ಲ. ವಿಂಡೋಸ್‌ನಲ್ಲಿ ಸಿ ಡ್ರೈವ್ ಮತ್ತು ಖಾಲಿ ಜಾಗದ ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿರುತ್ತೆ, ಎಕ್ಸ್‌ಟೆಂಡ್ ಬೂದು ಬಣ್ಣದಲ್ಲೇ ಇರುತ್ತೆ. ದಾವಣಗೆರೆ, ಈಗ ಹಳೇ ನಾಲ್ಕು ಡಿಸ್ಕಿನ ಎರರ್ ಕೌಂಟ್ ಹಾಕು. ಅದನ್ನ ನೋಡದೆ ನಾವೆಲ್ಲ ಇಷ್ಟು ಮಾತಾಡಿದ್ದೀವಿ.

ದಾವಣಗೆರೆ, ರಾತ್ರಿ 10:17
ಸ್ಲಾಟ್ 0: ಮೀಡಿಯಾ ಎರರ್ 0
ಸ್ಲಾಟ್ 1: 0
ಸ್ಲಾಟ್ 2: 41, ಪ್ರಿಡಿಕ್ಟಿವ್ ಫೇಲ್ಯೂರ್ (ಕೆಡುವ ಮುನ್ಸೂಚನೆ) 1
ಸ್ಲಾಟ್ 3: 0

ಹುಬ್ಬಳ್ಳಿ
ಯಪ್ಪಾ. ನಾಳೆ ಒಂದ ಡಿಸ್ಕ್ ಎಳದಿದ್ರ...

ಡಬ್ಲಿನ್
ಬೇರೆ ಡಿಸ್ಕ್ ಎಳೆದಿದ್ದರೆ ರೀಬಿಲ್ಡ್‌ಗೆ ಇದೇ ಸ್ಲಾಟ್ 2ರ ಮೇಲೆ ಪೂರ್ತಿ ನೆಚ್ಚಿಕೊಳ್ಳಬೇಕಿತ್ತು. ನಾಳೆ ಮೈಗ್ರೇಟ್ ಬೇಡ. ಮೊದಲು ರಿಸ್ಟೋರ್ ಪರೀಕ್ಷೆ. ಅದಾದ ಮೇಲೆ ಸೀಲ್ ಒಡೆಯದ ಡಿಸ್ಕ್ ಸ್ಲಾಟ್ 4ಕ್ಕೆ ಹಾಕಿ ರಿಪ್ಲೇಸ್ ಮೆಂಬರ್ ಕೊಡು. ಕಮ್ಯಾಂಡ್‌ನಲ್ಲಿ ಅದರ ಹೆಸರು ಕಾಪಿಬ್ಯಾಕ್. ಸ್ಲಾಟ್ 2 ಎಳೀಬೇಡ. ಅದು ಅರೇಯಲ್ಲಿ ಇದ್ದುಕೊಂಡೇ ಹೊಸದಕ್ಕೆ ಪ್ರತಿಯಾಗುತ್ತೆ, ಓದಲಾಗದ ಸೆಕ್ಟರ್ ಸಿಕ್ಕರೆ ಪ್ಯಾರಿಟಿಯಿಂದ ತುಂಬುತ್ತೆ. ಮುಗಿದ ಮೇಲೆ ಡೇಟಾ, ಪ್ಯಾರಿಟಿ ತಾಳೆ ನೋಡೋ ಕನ್ಸಿಸ್ಟೆನ್ಸಿ ಚೆಕ್.

ಬೆಂಗಳೂರು
ಆಗ ಹೊಸದು ಒಂದೇ ಉಳಿಯುತ್ತೆ. ಐದು ಡಿಸ್ಕಲ್ಲಿ ರೇಡ್ 6 ಮಾಡಬಹುದು, ಆದ್ರೆ ಅದೇ 12 ಟಿಬಿ. ಜಾಗ ಒಂದು ಬೈಟೂ ಹೆಚ್ಚಲ್ಲ. ಸೋಮವಾರ ಇನ್ನೊಂದು ಡಿಸ್ಕ್ ತರಿಸು. ಹೊಸದೇ ತರಿಸು.

ಶಿವಮೊಗ್ಗ ಸೀನಿಯರ್
ಅಲ್ಲಿವರೆಗೆ ಆ ಸ್ನ್ಯಾಪ್‌ಶಾಟ್‌ಗಳನ್ನು ನೋಡಪ್ಪ.

ದಾವಣಗೆರೆ, ಭಾನುವಾರ ಮಧ್ಯಾಹ್ನ 1:05
ಲೆಕ್ಕದ ವಿಎಂ ಹಳೇ ಡೆಸ್ಕ್‌ಟಾಪಿಗೆ ರಿಸ್ಟೋರ್ ಆಯ್ತು, ಬೂಟ್ ಆಯ್ತು, ಶುಕ್ರವಾರದ ಕೊನೇ ಬಿಲ್ ಇದೆ. ಸ್ನ್ಯಾಪ್‌ಶಾಟ್ ಮೂರು ಸಿಕ್ಕವು, ಅಳಿಸಿದ ಮೇಲೆ 94 ಇದ್ದದ್ದು 81. ಕಾಪಿಬ್ಯಾಕ್ ಶುರು ಮಾಡಿದೀನಿ, 3%.