ಚಳಿಗಾಲದ ರಜೆ ಕೈಜಾರಿ ಹೋಗುತ್ತಿದೆ. ಉಳಿದ ದಿನಗಳನ್ನು ಹೇಗೆ ಕಳೆಯಲಿ?

ಪ್ರಶ್ನೆ (ಪದವಿಯ ಎರಡನೇ ವರ್ಷದ ವಿದ್ಯಾರ್ಥಿನಿ):

ಸೆಮಿಸ್ಟರ್‌ನ ಕೊನೆಯ ಪರೀಕ್ಷೆ ಬರೆದು ಹಾಸ್ಟೆಲ್‌ನಿಂದ ಮನೆಗೆ ಬಂದು 11 ದಿನಗಳಾದವು. ಮರಳಿ ಹೊರಡಲು ಇನ್ನು 16 ದಿನಗಳಿವೆ. ಬರುವಾಗ ಮೂರು ಪಠ್ಯಪುಸ್ತಕಗಳನ್ನೂ ಒಂದು ಹೊಸ ನೋಟ್‌ಬುಕ್ಕನ್ನೂ ಚೀಲಕ್ಕೆ ತುಂಬಿಕೊಂಡಿದ್ದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ರಜೆಯ ವೇಳಾಪಟ್ಟಿಯನ್ನು ಬರೆದು, ಎರಡು ಬಣ್ಣಗಳಲ್ಲಿ ಗೆರೆ ಎಳೆದದ್ದೂ ಆಯಿತು. ಅದರ ಮುಂದಿನ ಪುಟಗಳೆಲ್ಲ ಹಾಗೆಯೇ ಖಾಲಿ ಉಳಿದಿವೆ.

ರಾತ್ರಿ ಎರಡು ಗಂಟೆಯವರೆಗೆ ಫೋನ್ ಹಿಡಿದು ಮಲಗಿರುತ್ತೇನೆ, ಏಳುವಾಗ ಹತ್ತೂವರೆ ದಾಟಿರುತ್ತದೆ. ಮೊದಲೇ ಹಗಲು ಚಿಕ್ಕದಾಗಿರುವ ಈ ದಿನಗಳಲ್ಲಿ, ಸ್ನಾನ ಊಟ ಮುಗಿಸಿ ಕಿಟಕಿಯ ಕಡೆ ನೋಡುವಷ್ಟರಲ್ಲಿ ಬಿಸಿಲು ಇಳಿಯತೊಡಗಿರುತ್ತದೆ. ಓದಲಿಲ್ಲವೆಂಬ ಅಳುಕು ಒಂದು ಕಡೆ. ಆ ಅಳುಕಿನಿಂದಾಗಿ ವಿಶ್ರಾಂತಿಯೂ ಸಿಗಲಿಲ್ಲವೆಂಬ ಬೇಸರ ಇನ್ನೊಂದು ಕಡೆ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನನ್ನ ಕೋಣೆಯ ಮೇಜಿನ ಮೇಲೆ ಈಗ ಅಮ್ಮನ ಹೊಲಿಗೆ ಯಂತ್ರವಿದೆ. ನಾನು ಬಂದ ದಿನವೇ ಅವರು “ತೆಗೆದಿಡಲಾ?” ಎಂದು ಕೇಳಿದರು, ನಾನು ಬೇಡವೆಂದೆ. ಅಂದಿನಿಂದ ಮಂಚದ ಮೇಲೆಯೇ ಕುಳಿತಿದ್ದೇನೆ, ನಮ್ಮ ಮನೆಗೇ ನೆಂಟಳಾಗಿ ಬಂದಂತೆ ಅನ್ನಿಸುತ್ತಿದೆ. ಉಳಿದ ದಿನಗಳಲ್ಲಿ ನಾನು ಓದಬೇಕೇ, ಅಥವಾ ಎಲ್ಲವನ್ನೂ ಬಿಟ್ಟು ಸುಮ್ಮನೆ ಇರಬೇಕೇ?

ಮೊದಲ ಉತ್ತರ (ಸ್ನಾತಕೋತ್ತರ ವಿದ್ಯಾರ್ಥಿ, ಜೀವವಿಜ್ಞಾನ):

ಓದಿನ ಮಾತಿಗಿಂತ ಮೊದಲು ನಿದ್ದೆಯ ಮಾತು. ಪರೀಕ್ಷೆಯ ವಾರಗಳಲ್ಲಿ ನಿದ್ದೆಗೆಟ್ಟವರು ರಜೆಯ ಮೊದಲ ಕೆಲವು ದಿನ ಹೆಚ್ಚು ಮಲಗುವುದು ಸಹಜ, ಅದಕ್ಕಾಗಿ ನೊಂದುಕೊಳ್ಳಬೇಡಿ. ಆದರೆ ಹನ್ನೊಂದನೇ ದಿನವೂ ಹತ್ತೂವರೆಗೆ ಏಳುತ್ತಿದ್ದೀರೆಂದರೆ ನಿಮ್ಮ ದೇಹದೊಳಗಿನ ಗಡಿಯಾರವೇ ಹಿಂದಕ್ಕೆ ಸರಿದಿದೆ ಎಂದು ತೋರುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳ ಮೂಲಕ ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅದನ್ನು ದಿನವೂ ಸರಿಹೊಂದಿಸುವುದು ಮುಖ್ಯವಾಗಿ ಬೆಳಕು. ಬೆಳಗಿನ ಬೆಳಕು ಅದನ್ನು ಮುಂದಕ್ಕೆ ತರುತ್ತದೆ. ತಡರಾತ್ರಿಯ ಬೆಳಕು, ದೇಹವನ್ನು ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವುದನ್ನು ತಗ್ಗಿಸಿ ನಿದ್ದೆಯನ್ನು ಇನ್ನಷ್ಟು ದೂಡುತ್ತದೆ. ನಿಮಗೆ ಈಗ ಬೆಳಗಿನ ಬೆಳಕು ಸಿಗುತ್ತಿಲ್ಲ, ರಾತ್ರಿಯದು ಮಾತ್ರ ಧಾರಾಳವಾಗಿ ಸಿಗುತ್ತಿದೆ.

ಬೇಗ ಮಲಗುವ ಪ್ರಯತ್ನದಿಂದ ಆರಂಭಿಸಿದರೆ ಸೋಲುವ ಸಂಭವವೇ ಹೆಚ್ಚು, ಆದ್ದರಿಂದ ಏಳುವ ಹೊತ್ತನ್ನು ಮೊದಲು ಹಿಡಿಯಿರಿ. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಮುಂಚೆ ಎದ್ದು, ಎದ್ದ ಕೂಡಲೇ ಹೊರಗೆ ಹೋಗಿ ಸ್ವಲ್ಪ ಹೊತ್ತು ನಡೆಯಿರಿ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಹಲವು ಪಟ್ಟು ಪ್ರಖರವಾಗಿರುತ್ತದೆ.

ಎರಡನೇ ಉತ್ತರ (ಕಾಲೇಜು ಅಧ್ಯಾಪಕಿ):

ಮೂರು ಪುಸ್ತಕಗಳಲ್ಲಿ ಎರಡನ್ನು ಇಂದೇ ಚೀಲಕ್ಕೆ ಹಿಂತಿರುಗಿಸಿ. ರಜೆಯಿಡೀ ಓದುತ್ತೇನೆಂದು ಹೊರಟು, ಓದಲೂ ಆಗದೆ ದಣಿವೂ ಆರದೆ ತರಗತಿಗೆ ಮರಳುವ ಮಕ್ಕಳನ್ನು ನಾನು ವರ್ಷವೂ ನೋಡುತ್ತೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಓದಿದ್ದೆಲ್ಲ ಮರೆತುಹೋಗುತ್ತದೆಂಬ ಭಯ ನಿಮ್ಮ ಮಾತಿನ ಹಿಂದಿರಬಹುದು. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲಿ ತೀವ್ರವಾಗಿದ್ದು ಆಮೇಲೆ ನಿಧಾನವಾಗುತ್ತದೆಂದು 1885ರಲ್ಲಿ ಪ್ರಕಟಿಸಿದರು. ಅಂದರೆ ಕಳೆದುಹೋದ ಈ 11 ದಿನಗಳಿಂದ ಆಗಿರುವ ನಷ್ಟ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಅದನ್ನು ತುಂಬಿಕೊಳ್ಳುವ ದಾರಿಯೂ ಇದೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಓದಿದ್ದನ್ನು ಪುಟ ನೋಡದೆ ನೆನಪಿಸಿಕೊಂಡು ಬರೆದವರೇ ಮುಂದಿದ್ದರು.

ಹಾಗಾಗಿ ನೋಟ್‌ಬುಕ್ಕಿನ ಎರಡನೇ ಪುಟವನ್ನು ತೆರೆಯಿರಿ. ಪಠ್ಯಪುಸ್ತಕವನ್ನು ಮುಟ್ಟದೆ, ನಿಮಗೆ ಇಷ್ಟವಾದ ಒಂದು ಅಧ್ಯಾಯದಲ್ಲಿ ನೆನಪಿರುವುದನ್ನೆಲ್ಲ ಬರೆಯಿರಿ. ಅನಂತರ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಮೂರು ದಿನ ಬಿಟ್ಟು ಅದನ್ನೇ ಮತ್ತೊಮ್ಮೆ ಬರೆಯಿರಿ. ದಿನಕ್ಕೆ 40 ನಿಮಿಷ ಸಾಕು. ಆ ಹೊತ್ತು ಮುಗಿದ ಮೇಲೆ ಕಾದಂಬರಿ ಓದಿ, ಗೆಳತಿಯರೊಡನೆ ಮಾತನಾಡಿ, ನಿದ್ದೆ ಮಾಡಿ. ಅದು ನಿಮ್ಮ ಹಕ್ಕಿನ ಬಿಡುವು.

ಮೂರನೇ ಉತ್ತರ (ಒಬ್ಬ ತಾಯಿ):

ನಾನು ಹೊಲಿಗೆ ಯಂತ್ರದ ಬಗ್ಗೆ ಮಾತ್ರ ಬರೆಯುತ್ತೇನೆ. ಮಗ ಹಾಸ್ಟೆಲ್ ಸೇರಿದ ಮೊದಲ ತಿಂಗಳು ಅವನ ಕೋಣೆಯ ಬಾಗಿಲನ್ನು ನಾನು ಮುಚ್ಚಿಯೇ ಇಟ್ಟಿದ್ದೆ, ಒಳಗೆ ಹೋದರೆ ಅಳು ಬರುತ್ತಿತ್ತು. ಆಮೇಲೆ ಒಂದು ದಿನ ಇಸ್ತ್ರಿ ಮಾಡುವ ಮೇಜನ್ನು ಅಲ್ಲಿಗೆ ಸಾಗಿಸಿದೆ. ಜಾಗ ಬೇಕಿತ್ತೆಂದಲ್ಲ, ದಿನಕ್ಕೊಮ್ಮೆಯಾದರೂ ಆ ಕಿಟಕಿ ತೆರೆಯಲು ನನಗೊಂದು ನೆಪ ಬೇಕಿತ್ತು. ನಿಮ್ಮ ಅಮ್ಮನ ಮನಸ್ಸಿನಲ್ಲಿ ಏನಿದೆಯೋ ನಾನು ಬಲ್ಲೆನೆನ್ನಲಾರೆ. ಆದರೆ ಮೇಜಿನ ಅರ್ಧ ಭಾಗ ನಿಮಗೆ ಬೇಕೆಂದು ಅವರಲ್ಲಿ ಕೇಳಿ ನೋಡಿ, ಮಗಳು ಕೇಳಿದರೆ ಯಾವ ತಾಯಿಗೂ ಬೇಸರವಾಗದು.

ಪ್ರಶ್ನೆ ಕೇಳಿದವರಿಂದ, ಐದು ದಿನಗಳ ನಂತರ:

ಮೂವರಿಗೂ ಕೃತಜ್ಞತೆಗಳು. ಈಗ ಒಂಬತ್ತೂವರೆಗೆ ಏಳುತ್ತಿದ್ದೇನೆ, ಎಂಟಕ್ಕೆ ತರಬೇಕೆಂಬ ಆಸೆಯಿದೆ. ಅಧ್ಯಾಪಕಿಯವರು ಹೇಳಿದಂತೆ ಬರೆಯಲು ಕುಳಿತಾಗ ಹತ್ತು ಸಾಲು ಬಂದರೆ ಹೆಚ್ಚೆಂದುಕೊಂಡಿದ್ದೆ, ಒಂದೂಕಾಲು ಪುಟ ಬಂತು. ಬಿಟ್ಟುಹೋದದ್ದು ಹಸಿರು ಶಾಯಿಯಲ್ಲಿ ಎದ್ದು ಕಾಣುತ್ತಿದೆ. ಅದೇ ಅಧ್ಯಾಯವನ್ನು ನಿನ್ನೆ ಎರಡನೇ ಸಲ ಬರೆದಾಗ ಹಸಿರು ಅರ್ಧಕ್ಕಿಳಿಯಿತು.

ಮೇಜಿನ ಮಾತನ್ನು ಅಮ್ಮನ ಬಳಿ ಎತ್ತಿದಾಗ ಅವರು ಏನೂ ಹೇಳದೆ ಯಂತ್ರವನ್ನು ಕಿಟಕಿಯ ಕಡೆಗೆ ಸರಿಸಿ, ಉಳಿದ ಅರ್ಧವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಟ್ಟರು. ಸಂಜೆ ನಾನು ಬರೆಯುವಾಗ ಅವರು ಪಕ್ಕದಲ್ಲಿ ಹೊಲಿಯುತ್ತಾರೆ. ಬೆಳಕು ಕಡಿಮೆಯಾದ ಮೇಲೆ ಅವರಿಗೆ ಸೂಜಿಯ ಕಣ್ಣು ಕಾಣುವುದಿಲ್ಲ, ಆದ್ದರಿಂದ ದಾರ ಪೋಣಿಸಿಕೊಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.